ನವನಗರಕ್ಕ ಹೋಗ್ಯಾರ

ನಮ್ಮ ಕಡೆ ಕ್ಯಾನ್ಸರ್ ಎಂದು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಊರ ಹೆಸರು ಹೇಳುತ್ತಿದ್ದರು. ನನ್ನ ಅಜ್ಜಿಯ ಕಾಲಕ್ಕೆ "ಮಿರಜಿಗೆ ಒಯ್ದಾರ" ಅಂದರೆ ಮುಗಿಯಿತು, ಮುಂದೆ ಯಾರೂ ಕೇಳುತ್ತಿರಲಿಲ್ಲ. ನಾನು ನೌಕರಿಗೆ ಸೇರಿದ ಮೇಲೆ ಅದೇ ಮಾತು "ನವನಗರಕ್ಕ ಹೋಗ್ಯಾರ" ಎಂದಾಯಿತು. ಹುಬ್ಬಳ್ಳಿ-ಧಾರವಾಡದ ನಡುವಿನ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಆ ಊರಿನ ಹೆಸರು ಬಂದರೆ ಬಸ್ಸಿನಲ್ಲಿ ಕೂತವರೂ ದನಿ ತಗ್ಗಿಸುತ್ತಿದ್ದರು.

ನಾನು ಸ್ಟಾಫ್ ನರ್ಸ್. 1982ರಿಂದ 2018ರವರೆಗೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸರ್ಕಾರಿ ದವಾಖಾನೆಗಳಲ್ಲಿ ಸುತ್ತಿದೆ. ಕಿತ್ತೂರು ಆಗ ಬೈಲಹೊಂಗಲ ತಾಲ್ಲೂಕಿನಲ್ಲೇ ಇತ್ತು. ಈ ನಾಡಿನ ಚರಿತ್ರೆ ಎಂದರೆ ಜನ 1824ರ ಕಿತ್ತೂರು ಕಾಳಗ, ಚೆನ್ನಮ್ಮನ ಸಮಾಧಿ, ರಾಮದುರ್ಗದ ಸಂಸ್ಥಾನ ಎಂದು ಎಣಿಸುತ್ತಾರೆ. ಬ್ಯಾನಿ ಬಿದ್ದವರನ್ನು ಯಾರು ತೊಳೆದರು, ಯಾರು ಉಣಿಸಿದರು, ಅವರಿಗೆ ಯಾರು ಏನು ಹೇಳಿಕೊಟ್ಟರು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ನನಗೆ ಗೊತ್ತಿದ್ದಷ್ಟನ್ನು ಬರೆಯುತ್ತೇನೆ.

ಮೊದಲು ಮಿರಜು. ಕೆನಡಾದಲ್ಲಿ ಹುಟ್ಟಿ ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನಿಂದ ಬಂದ ಡಾಕ್ಟರ್ ವಿಲಿಯಂ ವಾನ್‌ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಬೈಲಹೊಂಗಲ ಕಡೆಯವರು ಚಕ್ಕಡಿ ಕಟ್ಟಿಕೊಂಡು ಬೆಳಗಾವಿಗೆ ಹೋಗಿ, ಅಲ್ಲಿಂದ ಮೀಟರ್ ಗೇಜ್ ರೈಲು ಹತ್ತುತ್ತಿದ್ದರು. ಸವದತ್ತಿ, ರಾಮದುರ್ಗದ ಕೆಲವರು ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದರು. ಅದಕ್ಕೆ ಜನ ಜರ್ಮನ್ ದವಾಖಾನೆ ಎನ್ನುತ್ತಾರೆ. ನನ್ನ ಅಜ್ಜಿಯ ಅಕ್ಕನಿಗೆ ಎದೆಯಲ್ಲಿ ಗಂಟಾಗಿತ್ತು. ಮಿರಜಿನಲ್ಲಿ ಕೊಯ್ಸಿಕೊಂಡು ಬಂದು ಆಕೆ ಕೆಲವು ವರ್ಷ ಬದುಕಿದಳು. ಕೊಯ್ದ ಡಾಕ್ಟರನ ಮುಖ ಆಕೆಗೆ ನೆನಪಿರಲಿಲ್ಲವಂತೆ. ದಿನಾ ಬೆಳಿಗ್ಗೆ ಬಿಸಿನೀರಲ್ಲಿ ಬಟ್ಟೆ ಹಿಂಡಿ ಬೆನ್ನು ಒರೆಸುತ್ತಿದ್ದ ಬಿಳಿ ಸೀರೆಯ ನರ್ಸಬಾಯಿಯನ್ನು ಮಾತ್ರ ಸಾಯುವವರೆಗೆ ನೆನೆಯುತ್ತಿದ್ದಳಂತೆ. ಹೆಣ್ಣುಮಕ್ಕಳು ಮನೆ ಬಿಟ್ಟು ಪರರ ಮೈ ತೊಳೆಯುವ ಕೆಲಸಕ್ಕೆ ಹೋಗುವುದು ನಮ್ಮಲ್ಲಿ ಹೀನವಾಗಿದ್ದ ಕಾಲವದು. ನಾನು ನರ್ಸಿಂಗ್ ಸೇರುತ್ತೇನೆ ಎಂದಾಗ ಮನೆಯಲ್ಲಿ ನನ್ನ ಪರ ನಿಂತವಳು ಅಜ್ಜಿ ಒಬ್ಬಳೇ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಆರಂಭವಾಯಿತು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಲ್ಲಿ. ಮಲಪ್ರಭೆಯ ದಂಡೆಯ ರೈತನಿಗೆ ಎರಡೂ ದೂರದ ನಾಡು. ನಮ್ಮ ಬಳಿ ಬರುವ ಹೊತ್ತಿಗೆ ರೋಗ ಬಲಿತಿರುತ್ತಿತ್ತು. ಹೆಚ್ಚಿನವು ಬಾಯಿಯವು, ಗಂಟಲಿನವು, ಗರ್ಭಕೋಶದ ಬಾಯಿಯವು. ಬಾಯಿಯದಕ್ಕೆ ಕಾರಣ ನಮ್ಮ ಸೊಂಟದ ಚಂಚಿಯಲ್ಲೇ ಇತ್ತು. ನಿಪ್ಪಾಣಿಯ ತಂಬಾಕು ಬೆಳೆಯುವ ಜಿಲ್ಲೆ ನಮ್ಮದು. ಸುಣ್ಣ ತೀಡಿದ ತಂಬಾಕನ್ನು ದವಡೆಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಹೆಂಗಸರನ್ನು ನಾನು ನೂರಾರು ನೋಡಿದ್ದೇನೆ. ಹುಣ್ಣು ಏಳುತ್ತಿದ್ದುದೂ ಸರಿಯಾಗಿ ಆ ಜಾಗದಲ್ಲೇ.

ಕಿತ್ತೂರ ಸಮೀಪದ ಹಳ್ಳಿಯ ಒಬ್ಬಾಕೆಯ ಮಾತು ಹೇಳಲೇಬೇಕು. ನಾನು ನೌಕರಿಗೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಆಕೆಯ ಬಾಯಿಯ ಹುಣ್ಣು ಗಲ್ಲ ತೂತು ಮಾಡಿ ಹೊರಗೆ ಬಂದಿತ್ತು. ಆಕೆಯ ಭಾವ ನನ್ನನ್ನು ಬಾಗಿಲ ಹೊರಗೆ ಕರೆದು, "ಆಕಿಗೆ ಹೆಸರ ಹೇಳಬ್ಯಾಡ್ರಿ ಬಾಯಾರ, ಎದಿ ಒಡಕೊಂತಾಳ" ಎಂದ. ನಾನು ಒಪ್ಪಿದೆ. ದಿನಾ ಡ್ರೆಸ್ಸಿಂಗ್ ಮಾಡುತ್ತ "ಹುಣ್ಣ ಆಗೈತಿ, ಮಾಯತೈತಿ" ಎನ್ನುತ್ತಿದ್ದೆ. ಒಂದು ದಿನ ಆಕೆ ನನ್ನ ಕೈ ಹಿಡಿದು ತೊದಲುತ್ತ ಹೇಳಿದಳು: "ನೀವೂ ನಮ್ಮ ಭಾವನ ಹಂಗ ಮಾತಾಡ್ತೀರಲ್ಲ ಬಾಯಾರ. ನನಗ ಮಗಳ ಲಗ್ನ ಮಾಡೂದೈತಿ. ದಿನಾ ಎಷ್ಟದಾವು ಅಂತ ಗೊತ್ತಾಗಬೇಕಲ್ಲ." ನಾನು ಮಾತಾಡಲಿಲ್ಲ. ಮನೆಗೆ ಒಯ್ದ ಮೇಲೆ ವಾಸನೆ ತಡೆಯಲಾರದೆ ಆಕೆಯ ಹಾಸಿಗೆಯನ್ನು ದನ ಕಟ್ಟುವ ಅಂಕಣಕ್ಕೆ ಸರಿಸಿದರೆಂದು ಆಮೇಲೆ ಕೇಳಿದೆ. ಮಗಳ ಲಗ್ನವನ್ನು ಆಕೆ ನೋಡಲಿಲ್ಲ.

ಎಷ್ಟೋ ವರ್ಷದ ನಂತರ ಒಂದು ತರಬೇತಿಯಲ್ಲಿ ಕಲಿತೆ: ಗಾಯವನ್ನು ಉಪ್ಪುನೀರಿನಿಂದ ತೊಳೆದು, ಮೆಟ್ರೋನಿಡಜೋಲ್ ಗುಳಿಗೆಯನ್ನು ನುಣ್ಣಗೆ ಅರೆದು ಉದುರಿಸಿದರೆ ಕೆಲವೇ ದಿನದಲ್ಲಿ ವಾಸನೆ ಇಳಿಯುತ್ತದೆ. ಹೊಟ್ಟೆ ಕೆಟ್ಟರೆ ಕೊಡುವ ಅಗ್ಗದ ಗುಳಿಗೆ ಅದು. ನಮ್ಮ ಕಪಾಟಿನಲ್ಲೇ ಇತ್ತು, ಆಗಲೂ ಇತ್ತು. ಆ ದಿನ ನಾನು ತರಬೇತಿಯಿಂದ ಎದ್ದು ಹೊರಗೆ ಹೋಗಿ ಅತ್ತೆ.

ಅಲ್ಲಿಂದ ನನ್ನ ಕೆಲಸದ ರೀತಿ ಬದಲಾಯಿತು. ಸೂಜಿ ಚುಚ್ಚುವುದರಷ್ಟೇ ದೊಡ್ಡ ಕೆಲಸ ಹೇಳಿಕೊಡುವುದು ಎಂದು ನಂಬಿದೆ. ಕ್ಯಾನ್ಸರ್ ರೋಗಿ ದೊಡ್ಡ ಆಸ್ಪತ್ರೆಯಲ್ಲಿ ಇರುವುದು ಎಷ್ಟು ದಿನ? ಉಳಿದದ್ದೆಲ್ಲ ಮನೆಯಲ್ಲಿ, ಸೊಸೆಯ ಕೈಯಲ್ಲಿ, ಹೆಂಡತಿಯ ಕೈಯಲ್ಲಿ.

ರೇಡಿಯೇಶನ್ನಿಗೆ ನಮ್ಮ ಜನ 'ಕರೆಂಟ್ ಕೊಡೂದು' ಎನ್ನುತ್ತಾರೆ. ವಾರಕ್ಕೆ ಐದು ದಿನದಂತೆ ಆರೇಳು ವಾರ. ಎಲ್ಲಿ ಕೊಡಬೇಕೆಂದು ಮೈಮೇಲೆ ಶಾಯಿಯ ಗುರುತು ಹಾಕಿರುತ್ತಾರೆ, ಅಳಿಸಬಾರದು. ಆದರೆ ಸವದತ್ತಿಯವರು ನಡುವೆ ರಜೆ ಸಿಕ್ಕರೆ ಯಲ್ಲಮ್ಮನ ಗುಡ್ಡ ಹತ್ತದೆ ಇರುತ್ತಾರೆಯೆ? ಅಲ್ಲಿನ ಎಣ್ಣೆ ಹೊಂಡದಲ್ಲಿ ಮುಳುಗಿ, ಸುಟ್ಟು ಕಪ್ಪಾದ ಚರ್ಮದ ಮೇಲೆ ಭಂಡಾರ ಬಳಿದುಕೊಂಡು ಬರುತ್ತಿದ್ದರು. ಗುರುತು ಹೋಗಿರುತ್ತಿತ್ತು, ಚರ್ಮ ಕಿತ್ತಿರುತ್ತಿತ್ತು. ಗುಡ್ಡಕ್ಕೆ ಹೋಗಬೇಡಿ ಎಂದು ನಾನು ಯಾರಿಗೂ ಹೇಳಲಿಲ್ಲ. "ಭಂಡಾರ ಹಣಿಗೆ ಹಚ್ಕೋರಿ, ಹೊಂಡದ ನೀರ ತಲಿಗೆ ಪ್ರೋಕ್ಷಣಾ ಮಾಡ್ಕೋರಿ, ಗುರುತಿನ ಹಂತೇಕ ಮಾತ್ರ ಏನೂ ಬ್ಯಾಡ" ಎನ್ನುತ್ತಿದ್ದೆ. ಕೇಳುತ್ತಿದ್ದರು. ತಾಯಿಯನ್ನು ಬಿಡು ಎನ್ನದವರ ಮಾತನ್ನು ಜನ ಕೇಳುತ್ತಾರೆ.

ಈ ಕಾಲದಲ್ಲಿ ಹೊರಗೂ ಬಹಳ ಬದಲಾಯಿತು. 2010ರಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಕಲಬುರಗಿ ವಿಭಾಗದ ನಂತರ ನಮ್ಮ ಬೆಳಗಾವಿ ವಿಭಾಗಕ್ಕೂ ಬಂತು. ಹೊಲ ಮಾರದೆ ಆಪರೇಶನ್ ಮಾಡಿಸಿಕೊಂಡವರನ್ನು ಆಗ ಮೊದಲ ಸಲ ಕಂಡೆ. 2013ರಲ್ಲಿ ರಾಜ್ಯ ಸರ್ಕಾರ ಗುಟಕಾ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಮಾಡಿ ಜೋಡಿಯಾಗಿ ಮಾರಿದರು. ಅದರ ಸಿಟ್ಟು ನನಗೆ ಇನ್ನೂ ಆರಿಲ್ಲ. ಮಾರ್ಫಿನ್ ಕಥೆಯೂ ಹಾಗೇ. ಕ್ಯಾನ್ಸರ್ ನೋವಿಗೆ ಅದನ್ನು ಗಡಿಯಾರ ನೋಡಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿತ್ತು. ಅದಕ್ಕೆ ಒಂದು ವರ್ಷ ಮುಂಚೆ ಬಂದ ನಮ್ಮ ಮಾದಕ ವಸ್ತು ಕಾಯ್ದೆಯ ಹೆದರಿಕೆಗೆ ಹೆಚ್ಚಿನ ಆಸ್ಪತ್ರೆಗಳು ಅದನ್ನು ಇಡುತ್ತಲೇ ಇರಲಿಲ್ಲ. ಕಾಯ್ದೆ ಸಡಿಲಾದದ್ದು 2014ರಲ್ಲಿ. ನಡುವಿನ ವರ್ಷಗಳಲ್ಲಿ ಎಷ್ಟು ಜನ ಚೀರುತ್ತ ಸತ್ತರೋ.

ರಾಮದುರ್ಗದ ಒಬ್ಬ ನೇಕಾರರ ಮನೆಯಿಂದ ಇದನ್ನು ಮುಗಿಸುತ್ತೇನೆ. ಹಿರಿಯರಿಗೆ ಗಂಟಲ ಕ್ಯಾನ್ಸರ್. ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಮನೆಗೆ ಕಳಿಸಿದ್ದರು. ಸೊಸೆಗೆ ಇಪ್ಪತ್ತೋ ಇಪ್ಪತ್ತೆರಡೋ. ಮಾವನ ಮುಂದೆ ಸೆರಗು ಸರಿಸದವಳು ಅವರ ಮೂಗಿನ ನಳಿಗೆ ಹೇಗೆ ಹಿಡಿದಾಳು? ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮೊದಲು ಮೂಗಿನ ಹತ್ತಿರದ ಗುರುತು ನೋಡು, ನಳಿಗೆ ಸರಿದಿದ್ದರೆ ಏನೂ ಹಾಕಬೇಡ. ಮಾವನವರನ್ನು ದಿಂಬಿಗೆ ಒರಗಿಸಿ ಕೂರಿಸು. ಸಿರಿಂಜಿನ ದಂಡ ತೆಗೆದು ಬರೀ ಕೊಳವೆಯನ್ನು ಎತ್ತಿ ಹಿಡಿ, ಗಂಜಿ ತಾನಾಗಿ ಇಳಿಯಲಿ, ಒತ್ತಬೇಡ. ಕಡೆಗೆ ನೀರು ಬಿಟ್ಟು ನಳಿಗೆ ತೊಳಿ. ಅರ್ಧ ತಾಸು ಮಲಗಿಸಬೇಡ. ಅವಳ ಕೈ ನಡುಗುತ್ತಿತ್ತು. ಜೋಳದ ನುಚ್ಚಿನ ಗಂಜಿ, ಹೆಸರುಬೇಳೆ ಕಟ್ಟು, ಹಾಲು, ಎಲ್ಲವನ್ನೂ ಮೆತ್ತನೆಯ ಹಳೆಯ ಸೀರೆಯಲ್ಲಿ ಸೋಸಿದಳು. ಹಿರಿಯರು ಪಾಟಿಯ ಮೇಲೆ ಬರೆದು ತೋರಿಸಿದರು: ಕೆಂಪು ಹಿಂಡಿ. ಮೆಣಸಿನಕಾಯಿಯ ಚಟ್ನಿ ಅದು, ನುಂಗುವಂತಿಲ್ಲ. ಖಾರ ತಾಗಿದರೆ ಉರಿ. ಅವಳು ನನ್ನ ಮುಖ ನೋಡಿದಳು, ನಾನು ಬೇಡವೆಂದು ತಲೆಯಾಡಿಸಿದೆ. ಆಕೆ ಒಳಗೆ ಹೋಗಿ ಹಿಂಡಿಯ ಬಟ್ಟಲು ತಂದು ಅವರ ಮೂಗಿನ ಹತ್ತಿರ ಹಿಡಿದಳು. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ವಾಸನೆ ತೆಗೆದುಕೊಂಡರು. ನಾನು ಅದನ್ನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಎರಡು ತಿಂಗಳ ಮೇಲೆ ಆ ಓಣಿಗೆ ಮತ್ತೆ ಹೋದೆ. ಆಕೆ ಮನೆಯಲ್ಲಿರಲಿಲ್ಲ. ನಾಲ್ಕು ಮನೆಯಾಚೆ ಒಬ್ಬಾಕೆಯ ಗಂಡನಿಗೆ ಅದೇ ನಳಿಗೆ ಹಾಕಿ ಕಳಿಸಿದ್ದರು, ಅಲ್ಲಿಗೆ ಹೋಗಿದ್ದಳು. ಬಾಗಿಲಲ್ಲಿ ನಿಂತು ಕೇಳಿದೆ. ಒಳಗಿಂದ ಅವಳ ದನಿ: "ಒತ್ತಬ್ಯಾಡ ಯಕ್ಕಾ, ಎತ್ತಿ ಹಿಡಿ, ತಾನ ಇಳೀತೈತಿ."