ಲಕ್ವಾ, ಕಸರತ್ತು ಮತ್ತು ವಿಆರ್: ಒಂದು ಶೋಧದ ಹಾದಿ

ಲಕ್ವಾ ಹೊಡೆದು ಬಲಗೈ ಸೋತ ಹೆಣ್ಣುಮಗಳು ಮತ್ತೆ ರೊಟ್ಟಿ ಬಡಿಯಬೇಕೆಂದರೆ ಆ ಕೈ ಎಷ್ಟು ಸಲ ಆಡಬೇಕು? ಇದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಹಿಡಿದು ಅಮೆರಿಕದ ಸಂಶೋಧಕಿ ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಚಿಕಿತ್ಸಾ ಕೇಂದ್ರಗಳಲ್ಲಿ ರೋಗಿಗಳ ಚಲನೆಯನ್ನು ಎಣಿಸಿದರು. 2009ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿತ್ತು: ಚಿಕಿತ್ಸೆಯ ಅವಧಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮಾತ್ರ ಕೈಗೆ ನಿತ್ಯದ ಕೆಲಸದಂಥ ಅಭ್ಯಾಸ ಸಿಗುತ್ತಿತ್ತು, ಸಿಕ್ಕಾಗಲೂ ಸರಾಸರಿ 32 ಸಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳು ತನ್ನನ್ನು ತಾನು ಮರುಜೋಡಿಸಿಕೊಂಡದ್ದು ಒಂದೇ ಚಲನೆಯನ್ನು ದಿನವೊಂದಕ್ಕೆ ನೂರಾರು ಸಲ ಮಾಡಿಸಿದಾಗ. ಮೂವತ್ತೆರಡಕ್ಕೂ ನೂರಾರಕ್ಕೂ ನಡುವೆ ಇರುವ ಈ ಅಂತರವೇ ಕಂಪ್ಯೂಟರ್ ಸೃಷ್ಟಿಸಿದ ದೃಶ್ಯದೊಳಗೆ ಆಟವಾಡಿಸುತ್ತ ಕೈಕಾಲು ಆಡಿಸುವ ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ಪುನರ್ವಸತಿಯ ಕ್ಷೇತ್ರದಲ್ಲಿ ಇಷ್ಟು ಆಸೆ ಹುಟ್ಟಿಸಲು ಮುಖ್ಯ ಕಾರಣ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕಡೆಯಿಂದ ನೋಡಿದರೆ ಈ ಅಂತರ ಇನ್ನೂ ದೊಡ್ಡದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಸಿಂಧನೂರಿನ ಭತ್ತ ಬೆಳೆಯುತ್ತದೆ, ಕಾಲುವೆ ಮುಟ್ಟದ ಹೊಲಗಳಲ್ಲಿ ಹತ್ತಿ, ತೊಗರಿ, ಸಜ್ಜೆ; ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ. ನಾಟಿ, ಕಳೆ, ಹತ್ತಿ ಬಿಡಿಸುವುದು, ಮೂಟೆ ಹೊರುವುದು, ಗಣಿಯೊಳಗಿನ ದುಡಿಮೆ: ಎಲ್ಲವೂ ಕೈಕಾಲಿನ ಬಲದ ಮೇಲೆ ನಿಂತ ಬದುಕು. ಲಕ್ವಾ ಹೊಡೆದವರ ಜೀವ ಉಳಿಸಿ ಮನೆಗೆ ಕಳಿಸುವವರೆಗೆ ಆಸ್ಪತ್ರೆ ಇದೆ. ಆಮೇಲಿನ ತಿಂಗಳುಗಳ ಕಸರತ್ತು ಮನೆಯವರ ತಲೆಗೆ ಬೀಳುತ್ತದೆ. ಜಿಲ್ಲಾ ಕೇಂದ್ರ ಸಿಂಧನೂರಿನಿಂದಲೂ ಲಿಂಗಸುಗೂರಿನಿಂದಲೂ ಎಂಬತ್ತು-ತೊಂಬತ್ತು ಕಿಲೋಮೀಟರ್. ದಿನವೂ ಫಿಸಿಯೋಥೆರಪಿಗೆ ಹೋಗಿಬರುವುದೆಂದರೆ ರೋಗಿಯ ಜೊತೆಗೆ ಇನ್ನೊಬ್ಬರ ಕೂಲಿಯೂ ಹೋಯಿತು. ಕೈಯಲ್ಲಿ ಚೇತರಿಕೆ ಹೆಚ್ಚು ಕಾಣುವ ಮೊದಲ ಮೂರು ತಿಂಗಳು ಹೀಗೆಯೇ ಕಳೆದುಹೋಗುತ್ತವೆ.

ವಿಆರ್‌ನ ಚರಿತ್ರೆ ಆಸ್ಪತ್ರೆಯಲ್ಲಿ ಶುರುವಾದದ್ದಲ್ಲ. 1968ರಲ್ಲಿ ಐವಾನ್ ಸದರ್ಲೆಂಡ್ ತಲೆಗೆ ಕಟ್ಟಿಕೊಳ್ಳುವ ಕಂಪ್ಯೂಟರ್ ಪರದೆಯೊಂದನ್ನು ತೋರಿಸಿದರು. ಅದರ ಭಾರ ತಡೆಯಲಾರದೆ ಅದನ್ನು ಮಾಡಿಗೆ ತೂಗುಹಾಕಬೇಕಾಯಿತು. 1980ರ ದಶಕದಲ್ಲಿ ಜೆರಾನ್ ಲೇನಿಯರ್‌ನ ಕಂಪನಿ ವಿಪಿಎಲ್ ಬೆರಳಿನ ಚಲನೆ ಅಳೆಯುವ ಕೈಗವಸು ಮತ್ತು ಕನ್ನಡಕಗಳನ್ನು ಮಾರಾಟಕ್ಕೆ ತಂದಿತು. ಆಗ ಅವು ದೊಡ್ಡ ಪ್ರಯೋಗಾಲಯಗಳಿಗೆ ಮಾತ್ರ ಎಟುಕುವ ಬೆಲೆಯವು.

ಅತ್ತ ಯಾವ ಯಂತ್ರವೂ ಇಲ್ಲದೆ, ಬರೀ ಕನ್ನಡಿಯಿಂದ ಒಂದು ದೊಡ್ಡ ಹೆಜ್ಜೆ ಬಿತ್ತು. ತಮಿಳುನಾಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುತ್ತಿದ್ದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದ ನಡುಭಾಗದಲ್ಲಿ ಕೈ ಕಳೆದುಕೊಂಡವರ ಎದುರು ಒಂದು ಪೆಟ್ಟಿಗೆ ಇಟ್ಟರು. ನಡುವೆ ನಿಲ್ಲಿಸಿದ ಕನ್ನಡಿಯಲ್ಲಿ ಇರುವ ಕೈಯ ಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುತ್ತಿತ್ತು. ಇಲ್ಲದ ಕೈ ಮುಷ್ಟಿ ಬಿಗಿದು ನೋಯುತ್ತಿದೆ ಎನ್ನುತ್ತಿದ್ದ ಕೆಲವರಿಗೆ, ಬಿಂಬ ಮುಷ್ಟಿ ಬಿಚ್ಚಿದಾಗ ನೋವು ತಗ್ಗಿತು. ರಾಮಚಂದ್ರನ್ ಅದನ್ನು ವರ್ಚುವಲ್ ರಿಯಾಲಿಟಿ ಪೆಟ್ಟಿಗೆ ಎಂದೇ ಕರೆದರು. 1999ರಲ್ಲಿ ಇದೇ ಉಪಾಯವನ್ನು ಲಕ್ವಾ ರೋಗಿಗಳ ಮೇಲೆ ಪರೀಕ್ಷಿಸಿದ ವರದಿ ‘ಲ್ಯಾನ್ಸೆಟ್’ನಲ್ಲಿ ಬಂತು. ಕಣ್ಣು ಕಂಡದ್ದನ್ನು ಮಿದುಳು ಕೈಯ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ ಎಂಬ ಈ ತಿಳಿವಳಿಕೆಯ ಮೇಲೆಯೇ ಮುಂದಿನ ಎಷ್ಟೋ ವಿಆರ್ ಪ್ರಯೋಗಗಳು ನಿಂತಿವೆ. ಕನ್ನಡಿ ಇಂದಿಗೂ ಅತಿ ಅಗ್ಗದ ಸಾಧನ, ಯಾವ ಹಳ್ಳಿಯ ಮನೆಯಲ್ಲೂ ಇದೆ.

ಅದೇ ಹೊತ್ತಿಗೆ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಗ್ರಿಗೋರೆ ಬುರ್ದಿಯಾ ತಂಡ ಪಾದಕ್ಕೊಂದು ಯಂತ್ರಪೀಠ ಕಟ್ಟಿತು. ರೋಗಿ ಕುರ್ಚಿಯಲ್ಲಿ ಕೂತು ಕಣಕಾಲಿನ ಕೀಲನ್ನು ಆಡಿಸಿ ಪರದೆಯ ಮೇಲಿನ ವಿಮಾನವನ್ನು ಹಾರಿಸಬೇಕು; ಪಾದ ಎಷ್ಟು ಬಾಗಿತು, ಎಷ್ಟು ಬಲ ಹಾಕಿತು ಎಂಬುದನ್ನು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ದೂರದ ಚಿಕಿತ್ಸಕರು ಆ ಲೆಕ್ಕ ನೋಡಿ ಕಸರತ್ತನ್ನು ಬದಲಿಸಬಹುದು ಎಂಬ ಕಲ್ಪನೆಯೂ ಅಲ್ಲೇ ಮೊಳೆಯಿತು. 2002ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ವರ್ಚುವಲ್ ಪುನರ್ವಸತಿಯ ಮೊದಲ ಅಂತರರಾಷ್ಟ್ರೀಯ ಕಮ್ಮಟ ನಡೆಯುವ ಹೊತ್ತಿಗೆ ಇದೊಂದು ಕ್ಷೇತ್ರವಾಗಿ ನಿಂತಿತ್ತು.

ಬಾರ್ಸಿಲೋನಾದ ಪಾಲ್ ವರ್ಶೂರ್ ತಂಡದ ಕೆಲಸವನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು. ರೋಗಿ ಮೇಜಿನ ಎದುರು ಕೂತಿರುತ್ತಾನೆ. ಪರದೆಯಲ್ಲಿ ಅವನವೇ ಎನ್ನುವಂತೆ ಎರಡು ಕೈಗಳು ಕಾಣುತ್ತವೆ. ಎದುರಿನಿಂದ ಚೆಂಡುಗಳು ತೂರಿ ಬರುತ್ತವೆ, ಅವನ್ನು ತಡೆಯಬೇಕು. ಇಲ್ಲಿಯ ಜಾಣ್ಮೆ ಚೆಂಡಿನದಲ್ಲ, ಹೊಂದಾಣಿಕೆಯದು. ಎಡಗೈ ಎಷ್ಟು ತಡೆಯಿತು, ಬಲಗೈಯಿಂದ ಎಷ್ಟು ತಪ್ಪಿಸಿಕೊಂಡವು ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಚೆಂಡಿನ ವೇಗ, ಬರುವ ದಿಕ್ಕಿನ ಹರವನ್ನು ಕಂಪ್ಯೂಟರ್ ಆಗಿಂದಾಗ್ಗೆ ತಿದ್ದುತ್ತದೆ. ತೀರ ಸುಲಭವಾದರೆ ಬೇಸರ, ತೀರ ಕಷ್ಟವಾದರೆ ಕೈಚೆಲ್ಲುವುದು. ಎರಡರ ನಡುವಿನ ಹದದಲ್ಲಿ ರೋಗಿಯನ್ನು ಹಿಡಿದಿಡುವುದು ಅನುಭವಿ ಫಿಸಿಯೋಥೆರಪಿಸ್ಟರ ಕಲೆ. ಅದನ್ನು ಗಣಿತಕ್ಕೆ ಇಳಿಸಲು ಆ ತಂಡ ಯತ್ನಿಸಿತು.

ಇಷ್ಟರಲ್ಲಿ ಆಟದ ಸಾಮಾನಿನ ಮಾರುಕಟ್ಟೆ ಎಲ್ಲವನ್ನೂ ಬದಲಿಸಿತು. 2006ರಲ್ಲಿ ಕೈ ಬೀಸಿ ಆಡುವ ನಿಂಟೆಂಡೊ ವೀ, ಮರುವರ್ಷ ಮೇಲೆ ನಿಂತು ಆಡುವ ಅದರ ಬ್ಯಾಲೆನ್ಸ್ ಬೋರ್ಡ್, 2010ರಲ್ಲಿ ದೇಹದ ಚಲನೆಯನ್ನು ದೂರದಿಂದಲೇ ಗುರುತಿಸುವ ಮೈಕ್ರೋಸಾಫ್ಟ್ ಕೈನೆಕ್ಟ್, 2012ರಲ್ಲಿ ಜನರಿಂದ ಹಣ ಎತ್ತಿ ಶುರುವಾದ ಆಕ್ಯುಲಸ್ ಕನ್ನಡಕ. ಆಸ್ಪತ್ರೆಗಳು ಅಂಗಡಿಯಿಂದಲೇ ಇವನ್ನು ಕೊಂಡು ರೋಗಿಗಳ ಕೈಗೆ ಕೊಟ್ಟವು. ಸಂಶೋಧನಾ ಪ್ರಬಂಧಗಳ ಸುರಿಮಳೆಯಾಯಿತು. ಬಹುಪಾಲು ಪ್ರಯೋಗಗಳು ಸಣ್ಣವು.

ಆ ಉತ್ಸಾಹಕ್ಕೆ ಕಡಿವಾಣ ಹಾಕಿದ್ದು ಟೊರಾಂಟೊದ ಗುಸ್ತಾವೊ ಸಪೋಸ್ನಿಕ್ ನಡೆಸಿದ ಪ್ರಯೋಗ. ನಾಲ್ಕು ದೇಶಗಳ 14 ಕೇಂದ್ರಗಳಲ್ಲಿ 141 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವೀ ಆಟ, ಇನ್ನೊಂದಕ್ಕೆ ಇಸ್ಪೀಟು, ಬಿಂಗೊ, ಚೆಂಡಾಟದಂಥ ಮಾಮೂಲಿ ಆಟ. ಎರಡೂ ಗುಂಪಿಗೆ ಎರಡು ವಾರದಲ್ಲಿ ಒಂದೊಂದು ತಾಸಿನ ಹತ್ತು ಅವಧಿಗಳು. 2016ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿನ ಕೈ ಸುಧಾರಿಸಿತ್ತು, ಸುಧಾರಣೆಯಲ್ಲಿ ವ್ಯತ್ಯಾಸವಿರಲಿಲ್ಲ. ಇಸ್ಪೀಟಿನ ಎಲೆ ತಿರುವಿದ ಕೈ ಯಂತ್ರದ ಆಟ ಆಡಿದ ಕೈಗೆ ಸರಿಸಮವಾಗಿ ನಿಂತಿತು. ಇದನ್ನು ವಿಆರ್‌ನ ಸೋಲು ಎಂದು ಓದಿದವರುಂಟು. ಆದರೆ ಕೈ ಆಡಿಸಲು ಕಾರಣ ಮತ್ತು ಸಮಯ ಸಿಕ್ಕರೆ ಕೈ ಆಡುತ್ತದೆ ಎಂಬುದೇ ಅದರ ನಿಜವಾದ ಸುದ್ದಿ. ಬಡ ತಾಲ್ಲೂಕುಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಈ ಕ್ಷೇತ್ರದಿಂದ ಬಂದಿಲ್ಲ.

ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ, ಕೇಟ್ ಲೇವರ್ ಮತ್ತು ಸಂಗಡಿಗರ ಕಾಕ್ರೇನ್ ಸಮೀಕ್ಷೆಗಳೂ ಇದೇ ಕಡೆ ಬೆರಳು ತೋರಿಸಿದವು. 2017ರ ಆವೃತ್ತಿ 72 ಪ್ರಯೋಗಗಳ 2470 ರೋಗಿಗಳನ್ನು ಒಟ್ಟಿಗೆ ನೋಡಿತು. ರೂಢಿಯ ಚಿಕಿತ್ಸೆಯ ಬದಲಿಗೆ ಅಷ್ಟೇ ಹೊತ್ತು ವಿಆರ್ ಕೊಟ್ಟರೆ ಕೈಗೆ ಹೆಚ್ಚಿನ ಲಾಭ ಕಾಣಲಿಲ್ಲ. ರೂಢಿಯ ಚಿಕಿತ್ಸೆಯ ಮೇಲೆ ಹೆಚ್ಚುವರಿಯಾಗಿ ಕೊಟ್ಟಾಗ ಲಾಭ ಕಂಡಿತು. 2025ರ ಹೊತ್ತಿಗೆ ಪ್ರಯೋಗಗಳ ಸಂಖ್ಯೆ 190ಕ್ಕೆ ಏರಿ, ಕೈಯ ವಿಷಯದಲ್ಲಿ ವಿಆರ್ ಪರವಾಗಿ ಅಲ್ಪ ಒಲವು ಕಂಡುಬಂದಿದೆ. ಜಾನ್ಸ್ ಹಾಪ್ಕಿನ್ಸ್‌ನ ಜಾನ್ ಕ್ರಾಕವರ್ ತಂಡ ರೋಗಿಯ ಕೈಯ ಚಲನೆಯಿಂದ ಈಜುವ ಡಾಲ್ಫಿನ್ ಒಂದನ್ನು ಪರದೆಯಲ್ಲಿ ಸೃಷ್ಟಿಸಿ, ಲಕ್ವಾ ಹೊಡೆದ ಕೆಲವೇ ವಾರಗಳಲ್ಲಿ ದಿನಕ್ಕೆರಡು ತಾಸು ಆಡಿಸಿ ನೋಡಿತು. ಅಷ್ಟೇ ಹೊತ್ತು ಸಾಮಾನ್ಯ ಚಿಕಿತ್ಸೆ ಪಡೆದವರಿಗೂ ಡಾಲ್ಫಿನ್ ಗುಂಪಿಗೂ ಅಂಥ ಅಂತರ ಬರಲಿಲ್ಲ. ಆದರೆ ಕೈಯ ಕೆಲಸದ ಅಳತೆಯಲ್ಲಿ, ಮಾಮೂಲಿ ಪ್ರಮಾಣದ ಚಿಕಿತ್ಸೆಯಷ್ಟೇ ಸಿಕ್ಕಿದ್ದ ಹಿಂದಿನ ರೋಗಿಗಳಿಗಿಂತ ಎರಡೂ ಗುಂಪುಗಳು ಮುಂದಿದ್ದವು. ಔಷಧಿಯ ಹಾಗೆ ಕಸರತ್ತಿಗೂ ಪ್ರಮಾಣವಿದೆ.

ವಿಆರ್‌ಗೇ ವಿಶಿಷ್ಟವಾದ ಲಾಭ ಎಲ್ಲೂ ಇಲ್ಲವೆಂದಲ್ಲ. ಇಸ್ರೇಲಿನ ಅನಾತ್ ಮಿರೆಲ್ಮನ್ ಮುಂದಾಳುತನದಲ್ಲಿ ಐದು ದೇಶಗಳಲ್ಲಿ ನಡೆದ ಪ್ರಯೋಗಕ್ಕೆ 302 ಹಿರಿಯರು ಸೇರಿದ್ದರು, ಎಲ್ಲರೂ ಮೇಲಿಂದ ಮೇಲೆ ಬೀಳುತ್ತಿದ್ದವರು. ಒಂದು ಗುಂಪು ಟ್ರೆಡ್‌ಮಿಲ್ ಮೇಲೆ ಬರೀ ನಡೆಯಿತು. ಇನ್ನೊಂದು ಗುಂಪಿನ ಎದುರಿನ ಪರದೆಯಲ್ಲಿ ದಾರಿ, ಅಡ್ಡ ಬರುವ ವಸ್ತುಗಳು, ಮನಸ್ಸನ್ನು ಸೆಳೆಯುವ ಸದ್ದುಗದ್ದಲ. ಆರು ವಾರದ ತರಬೇತಿಯ ನಂತರದ ಆರು ತಿಂಗಳಲ್ಲಿ ಪರದೆ ಕಂಡ ಗುಂಪು ಸರಾಸರಿ 6 ಸಲ ಬಿದ್ದಿತು, ಬರೀ ನಡೆದ ಗುಂಪು 8 ಸಲಕ್ಕಿಂತ ಹೆಚ್ಚು. ಬೀಳುವುದು ಕಾಲಿನ ದೌರ್ಬಲ್ಯದಿಂದ ಮಾತ್ರವಲ್ಲ, ಗಮನ ಚದುರುವುದರಿಂದಲೂ. ಅದನ್ನು ಅಪಾಯವಿಲ್ಲದೆ ಅಭ್ಯಾಸ ಮಾಡಿಸುವುದು ವಿಆರ್‌ಗೆ ಸಾಧ್ಯ.

ಭಾರತದಲ್ಲಿ ಈ ದಾರಿ ತುಸು ಬೇರೆಯಾಗಿ ತಿರುಗಿತು. ಬೆಲೆಯೇ ಮೊದಲ ಪ್ರಶ್ನೆಯಾಯಿತು. ಗಾಂಧಿನಗರದ ಐಐಟಿಯಲ್ಲಿ ಉತ್ತಮಾ ಲಾಹಿರಿ ತಂಡ ಕೈನೆಕ್ಟ್ ಮತ್ತು ಬ್ಯಾಲೆನ್ಸ್ ಬೋರ್ಡ್ ಜೋಡಿಸಿ ಲಕ್ವಾ ರೋಗಿಗಳಿಗೆ ಸಮತೋಲನದ ತರಬೇತಿ ರೂಪಿಸಿತು. ವೆಲ್ಲೂರಿನ ಸಿಎಂಸಿ ಮತ್ತು ಮದ್ರಾಸ್ ಐಐಟಿ ಸೇರಿ ‘ಪ್ಲೂಟೊ’ ಎಂಬ ಪುಟ್ಟ ರೋಬಾಟ್ ತಯಾರಿಸಿದವು. ಒಂದೇ ಮೋಟಾರು, ಬೇಕಾದಂತೆ ಬದಲಿಸುವ ಹಿಡಿಗಳು. ಮಣಿಕಟ್ಟು, ಬೆರಳುಗಳ ಚಲನೆಯಿಂದ ಪರದೆಯ ಆಟ ಆಡಬಹುದು. ಅದನ್ನು ಆಸ್ಪತ್ರೆಯಲ್ಲಷ್ಟೇ ಅಲ್ಲ, ರೋಗಿಗಳ ಮನೆಯಲ್ಲೂ ಇಟ್ಟು ನೋಡಿದ್ದಾರೆ. ಹೈದರಾಬಾದ್ ಐಐಟಿಯ ನೆರಳಿನಲ್ಲಿ ಬೆಳೆದ ಬಿಏಬಲ್ ಹೆಲ್ತ್ ಕಂಪನಿ ತೋಳಿನ ಕಸರತ್ತಿಗೆ ‘ಆರ್ಮ್‌ಏಬಲ್’ ಎಂಬ ಸಾಧನ ತಂದಿತು.

ಕರ್ನಾಟಕದಲ್ಲಿ ಮಣಿಪಾಲದ ಫಿಸಿಯೋಥೆರಪಿ ವಿಭಾಗದ ಜಾನ್ ಸಾಲೊಮನ್ ಮತ್ತು ಸಂಗಡಿಗರು ಲಕ್ವಾ ಪುನರ್ವಸತಿಗಾಗಿಯೇ ಸಂಶೋಧನಾ ಕೇಂದ್ರ ಕಟ್ಟಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರದೀಪ್ತ ಬಿಸ್ವಾಸ್ ತಂಡ, ಮಾತೂ ಕೈಕಾಲೂ ಹಿಡಿತದಲ್ಲಿಲ್ಲದ ಯುವಜನರು ಕಣ್ಣೋಟದಿಂದಲೇ ರೋಬಾಟ್ ತೋಳನ್ನು ನಡೆಸುವಂತೆ ಮಾಡಿತು; ಚೆನ್ನೈನ ವಿದ್ಯಾಸಾಗರ್ ಸಂಸ್ಥೆಯವರು ಅದರಲ್ಲಿ ಪಾಲುಗೊಂಡರು. ಭಾರತೀಯ ವಿಜ್ಞಾನ ಸಂಸ್ಥೆಯದೇ ಭೌತಶಾಸ್ತ್ರ ವಿಭಾಗದಲ್ಲಿ ಅವೀಕ್ ಬಿಡ್ ತಂಡ 2023ರಲ್ಲಿ ತ್ರೀಡಿ ಮುದ್ರಣದ ಮೆದು ಕೈಗವಸನ್ನು ತೋರಿಸಿತು. ಬೆಳಕಿನ ಗುಣಗಳನ್ನು ಬಳಸಿ ಅದು ಬೆರಳಿನ ಬಾಗುವಿಕೆಯನ್ನು ಅಳೆಯುತ್ತದೆ. ರೋಗಿಯ ಕೈ ಅಳತೆಗೆ ತಕ್ಕಂತೆ ತಯಾರಿಸಬಹುದು. ಫಿಸಿಯೋಥೆರಪಿಸ್ಟರು ದೂರದಿಂದಲೇ ನಿಯಂತ್ರಿಸಬಹುದು. ತಿಂಗಳುಗಟ್ಟಲೆ ದಿನವೂ ಆಸ್ಪತ್ರೆಗೆ ಹೋಗಲಾಗದವರ ಕಷ್ಟವೇ ಈ ಕೆಲಸಕ್ಕೆ ಪ್ರೇರಣೆ.

ಇಷ್ಟೆಲ್ಲ ನಡೆದ ಊರುಗಳು ರಾಯಚೂರಿನಿಂದ ದೂರ. 2022ರಿಂದ ಇಲ್ಲಿನ ಜನ ಏಮ್ಸ್‌ಗಾಗಿ ಧರಣಿ ಕೂತದ್ದರ ಹಿಂದೆ ಈ ದೂರದ ನೋವಿದೆ. ಏಮ್ಸ್ ಬರಲಿ; ಆದರೆ ಲಕ್ವಾ ಪುನರ್ವಸತಿ ದೊಡ್ಡ ಆಸ್ಪತ್ರೆಯೊಳಗೆ ಮುಗಿಯುವ ಕೆಲಸವಲ್ಲ. ಮನೆಯವರಿಗೆ ಹೇಳಿಕೊಟ್ಟು ಕಳಿಸಿದರೆ ಸಾಕೇ ಎಂಬ ಪ್ರಶ್ನೆಗೂ ಭಾರತದಲ್ಲೇ ಉತ್ತರ ಹುಡುಕಿದ್ದಾರೆ. ಲುಧಿಯಾನದ ಜಯರಾಜ್ ಪಾಂಡಿಯನ್ ಮತ್ತಿತರರು 14 ಆಸ್ಪತ್ರೆಗಳ 1250 ರೋಗಿಗಳೊಂದಿಗೆ ನಡೆಸಿದ ‘ಅಟೆಂಡ್’ ಪ್ರಯೋಗದಲ್ಲಿ ಮನೆಯವರಿಗೆ ತರಬೇತಿ ಕೊಟ್ಟರು. 2017ರ ಫಲಿತಾಂಶದ ಪ್ರಕಾರ ಆರು ತಿಂಗಳ ಬಳಿಕ ಸಾವು ಅಥವಾ ಪರಾವಲಂಬನೆ ಅದರಿಂದ ಕಡಿಮೆಯಾಗಲಿಲ್ಲ. ಮನೆಯವರ ಪ್ರೀತಿಗೆ ಕೊರತೆಯಿರಲಾರದು. ಎಷ್ಟು ಸಲ ಆಯಿತು ಎಂದು ಎಣಿಸುವುದು, ತಪ್ಪಿದ್ದನ್ನು ತಿದ್ದುವುದು, ಸುಲಭವಾದಾಗ ಕಷ್ಟದ ಮೆಟ್ಟಿಲು ಹತ್ತಿಸುವುದು ದಿನದ ದುಡಿಮೆಯ ನಡುವೆ ಅವರಿಗೆ ಭಾರವಾಗುತ್ತದೆ. ಯಂತ್ರ ಹೊರಬಲ್ಲ ಭಾರ ಅದು.

ಅದಕ್ಕೆ ತಲೆಗೆ ಕಟ್ಟುವ ಕನ್ನಡಕವೇ ಬೇಕೆಂದಿಲ್ಲ. ಅದು ವಯಸ್ಸಾದವರಿಗೆ ತಲೆಸುತ್ತು ತರಬಹುದು, ಸಮತೋಲನ ಇಲ್ಲದವರು ಬೀಳಬಹುದು. ಮೇಲೆ ಹೇಳಿದ ದೊಡ್ಡ ಪ್ರಯೋಗಗಳಲ್ಲಿ ಹೆಚ್ಚಿನವು ಸಾಮಾನ್ಯ ಪರದೆಯ ಎದುರೇ ನಡೆದವು. ಮೊಬೈಲ್ ಕ್ಯಾಮೆರಾ ಈಗ ಕೈಯ ಚಲನೆಯನ್ನು ಗುರುತಿಸುತ್ತದೆ. ಆಟ ಮಾತ್ರ ಇಲ್ಲಿನದಾಗಬೇಕು. ಟೆನಿಸ್ ಬ್ಯಾಟು ಹಿಡಿಯದ ಕೈಗೆ ಟೆನಿಸ್ ಆಡಿಸುವ ಬದಲು ಹಿಟ್ಟು ನಾದುವುದು, ಕುಡಗೋಲಿನಿಂದ ಕೊಯ್ಯುವುದು, ಹತ್ತಿ ಬಿಡಿಸಿ ಉಡಿಗೆ ಹಾಕುವುದು ಪರದೆಯಲ್ಲಿ ಬರಲಿ. ಹೇಳುವ ದನಿ ರಾಯಚೂರು ಸೀಮೆಯ ಮಾತಿನಲ್ಲಿರಲಿ. ಹತ್ತಿ ಬಿಡಿಸುವುದರಲ್ಲಿ ಹೆಬ್ಬೆರಳು-ತೋರುಬೆರಳಿನ ಚಿಮಟದಂಥ ಹಿಡಿತವಿದೆ, ಹಿಟ್ಟು ನಾದುವುದರಲ್ಲಿ ಎರಡೂ ಕೈಯ ಹೊಂದಾಣಿಕೆಯಿದೆ. ಚಿಕಿತ್ಸೆಗೆ ಬೇಕಾದದ್ದೂ ಅದೇ.

ಮನೆಬಾಗಿಲಿಗೆ ಹೋಗುವವರೂ ಇದ್ದಾರೆ. ಅಂಗವಿಕಲರಿಗಾಗಿ ಕರ್ನಾಟಕ ಸರ್ಕಾರ ಗೌರವಧನದ ಮೇಲೆ ನೇಮಿಸಿಕೊಂಡ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯತಿ ಮಟ್ಟದಲ್ಲಿ, ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುತ್ತಾರೆ. ಅವರಲ್ಲಿ ಅನೇಕರು ತಾವೇ ಅಂಗವಿಕಲರು. ಈಗ ಅವರ ದಿನ ಬಹುಪಾಲು ಗುರುತಿನ ಚೀಟಿ, ಪಿಂಚಣಿ, ಸಾಧನಸಲಕರಣೆಗಳ ಅರ್ಜಿಯಲ್ಲಿ ಕಳೆಯುತ್ತದೆ. ರಾಯಚೂರಿನಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ರಿಮ್ಸ್ ಇದೆ. 2019ರಲ್ಲಿ ಆರಂಭವಾದ ಐಐಐಟಿ ಇದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಲಕ್ವಾ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೊಬೈಲ್ ಆಟ ಮತ್ತು ವಾರಕ್ಕೊಮ್ಮೆ ಕಾರ್ಯಕರ್ತರ ಭೇಟಿ, ಇನ್ನೊಂದಕ್ಕೆ ಅಷ್ಟೇ ಭೇಟಿಯ ಜೊತೆ ಚಿತ್ರದ ಹಾಳೆ ಮತ್ತು ಕನ್ನಡಿ ಕೊಟ್ಟು ಆರು ತಿಂಗಳು ನೋಡುವ ಪ್ರಯೋಗಕ್ಕೆ ಬೇಕಾದವರೆಲ್ಲ ಜಿಲ್ಲೆಯೊಳಗೇ ಇದ್ದಾರೆ. ಹಾಳೆ ಮತ್ತು ಕನ್ನಡಿಯೇ ಗೆದ್ದರೂ ಅದು ನಷ್ಟವಲ್ಲ. ಮರುವರ್ಷ ಅದನ್ನೇ ಎಲ್ಲ ಪಂಚಾಯತಿಗಳಿಗೂ ಹಂಚಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಆಸ್ಪತ್ರೆಯ ಕಟ್ಟಡಗಳ ಜೊತೆಗೆ ಇಂಥ ಪ್ರಯೋಗಕ್ಕೂ, ಅದನ್ನು ನಡೆಸುವ ಫಿಸಿಯೋಥೆರಪಿಸ್ಟರ ಸಂಬಳಕ್ಕೂ, ಕಾರ್ಯಕರ್ತರ ಬಸ್ ಚಾರ್ಜಿಗೂ ಒಂದು ಪಾಲು ಮೀಸಲಾಗಬೇಕು.