ಕೊಬ್ಬಿದ ಎತ್ತು, ಬಡವನ ಹಂದಿ: ಆಂಗ್ಲ ಪಶುಚಿತ್ರಗಳ ಸಾಕ್ಷ್ಯಮೌಲ್ಯ

ಹದಿನೆಂಟನೆಯ ಶತಮಾನದ ಕೊನೆಯಲ್ಲೂ ಹತ್ತೊಂಬತ್ತನೆಯದರ ಆದಿಯಲ್ಲೂ ಇಂಗ್ಲೆಂಡಿನಲ್ಲಿ ರಚಿತವಾದ ಪಶುಗಳ ತೈಲಚಿತ್ರಗಳನ್ನು ರಮ್ಯಪಂಥದ ನಿಸರ್ಗಪ್ರೀತಿಗೆ ನಿದರ್ಶನವೆಂದು ಎಣಿಸುವುದು ವಾಡಿಕೆ. ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಬೇರೊಂದು ಪ್ರಶ್ನೆಯಿದೆ: ಅಂದಿನ ದನಕರುಗಳ ನಿಜರೂಪಕ್ಕೆ ಇವು ಸಾಕ್ಷಿಯಾಗಬಲ್ಲವೆ?

1802ರಲ್ಲಿ ಜಾನ್ ಬೌಲ್ಟ್‌ಬೀ ಚಿತ್ರಿಸಿದ 'ಡರ್ಹ್ಯಾಮ್ ಎತ್ತ'ನ್ನು ನೋಡೋಣ. ಪೆಟ್ಟಿಗೆಯಂತೆ ಚೌಕಾಕಾರದ ಭಾರೀ ಒಡಲು; ಅದಕ್ಕೆ ಹೊಂದದ ಪುಟ್ಟ ತಲೆ, ಸಣ್ಣ ಕಾಲುಗಳು. ಚಾರ್ಲ್ಸ್ ಕಾಲಿಂಗ್ ಎಂಬ ತಳಿಗಾರನ ಕೊಟ್ಟಿಗೆಯಲ್ಲಿ 1796ರಲ್ಲಿ ಹುಟ್ಟಿದ ಈ ಎತ್ತನ್ನು ಮುಂದೆ ಜಾನ್ ಡೇ ಎಂಬಾತನು ಕೊಂಡು, ಅದಕ್ಕಾಗಿಯೇ ಮಾಡಿಸಿದ ಗಾಡಿಯಲ್ಲಿ ವರ್ಷಗಟ್ಟಲೆ ಊರೂರು ತಿರುಗಿಸಿ, ನೋಡುವವರಿಂದ ಹಣ ಸಂಪಾದಿಸಿದನು. 1807ರಲ್ಲಿ ಅದು ಸತ್ತಿತು. ಗೋಮಾಳಗಳಿಗೆ ಬೇಲಿ ಬಿದ್ದು ಅವು ದೊಡ್ಡ ಹಿಡುವಳಿದಾರರ ಸ್ವತ್ತಾಗುತ್ತಿದ್ದ ಆ ಕಾಲದಲ್ಲಿ ತಳಿಯ ಕೀರ್ತಿಯೇ ಒಂದು ಬಂಡವಾಳ. ಅಂಥ ಚಿತ್ರವು ಅರ್ಧ ಜಾಹೀರಾತು.

ಇದು ಕೇವಲ ನಮ್ಮ ಊಹೆಯಲ್ಲ. ಮರದಚ್ಚಿನ ಪ್ರಸಿದ್ಧ ಕಲಾವಿದ ಥಾಮಸ್ ಬ್ಯೂಯಿಕ್ ತನ್ನ ಆತ್ಮಕಥೆಯಲ್ಲಿ (ಅದು ಅಚ್ಚಾದದ್ದು 1862ರಲ್ಲಿ, ಅವನು ತೀರಿಕೊಂಡು ಮೂವತ್ತನಾಲ್ಕು ವರ್ಷಗಳ ಮೇಲೆ) ಒಂದು ಪ್ರಸಂಗವನ್ನು ಹೇಳಿದ್ದಾನೆ. ಪಶುಗಳನ್ನು ಚಿತ್ರಿಸಲು ಕರೆಸಿದವರು, ತನ್ನ ಕಣ್ಣಿಗೆ ಕಾಣದಿದ್ದ ಕಡೆಗಳಲ್ಲಿಯೂ ಕೊಬ್ಬಿನ ಗಡ್ಡೆಗಳನ್ನು ಬರೆಯೆಂದರಂತೆ, ಅವನು ಒಪ್ಪಲಿಲ್ಲ. ಒಪ್ಪಿದವರೆಷ್ಟು ಮಂದಿಯೋ!

ಆಳುವವರ ಆಸಕ್ತಿಯೂ ಇದರಲ್ಲಿತ್ತು. ಬ್ರಿಟನ್ನಿನ ಎಲ್ಲ ಪಶುತಳಿಗಳನ್ನೂ ಚಿತ್ರಿಸುವ ಕೆಲಸ 1800ರ ಸುಮಾರಿಗೆ ಕೃಷಿ ಮಂಡಲಿಯ ಆಶ್ರಯದಲ್ಲಿ ಜೇಮ್ಸ್ ವಾರ್ಡನಿಗೆ ದೊರೆಯಿತು. ಬಹುಸಂಖ್ಯೆಯ ಚಿತ್ರಗಳನ್ನು ಬರೆದಮೇಲೆ ಹಣದ ಮುಗ್ಗಟ್ಟಿನಿಂದ ಯೋಜನೆ ನಿಂತುಹೋಯಿತು. ಇದೇ ವಾರ್ಡನು ಮುಂದೆ 'ಗಾರ್ಡೇಲ್ ಸ್ಕಾರ್' ಎಂಬ ಬೃಹಚ್ಚಿತ್ರದಲ್ಲಿ (1812–14) ಕಡಿದಾದ ಬಂಡೆಗಳ ಬುಡದಲ್ಲಿ ಬಿಳಿಯ ಗೂಳಿಯೊಂದನ್ನು ನಿಲ್ಲಿಸಿದನು. ಇದು ರಮ್ಯಪಂಥದ ಗೂಳಿ. ಇದರ ಮಾಂಸವನ್ನು ಯಾರೂ ತೂಗಲಾರರು.

ವಾರ್ಡನ ಭಾವ ಜಾರ್ಜ್ ಮಾರ್ಲಂಡನ (1763–1804) ದಾರಿಯೇ ಬೇರೆ. ಸಾಲಗಾರರಿಂದ ತಲೆಮರೆಸಿಕೊಂಡು ಬಾಳಿದ ಈತನು ಬಹುಮಟ್ಟಿಗೆ ಜಮೀನ್ದಾರರಿಗಾಗಿ ಬರೆಯದೆ ಚಿತ್ರವ್ಯಾಪಾರಿಗಳಿಗಾಗಿ ಬರೆದನು. ಹಂದಿ, ಕತ್ತೆ, ದುಡಿದು ಸವೆದ ಕುದುರೆ ಇವನ ವಸ್ತುಗಳು. 1791ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾದ 'ಲಾಯದ ಒಳಗೆ' ಎಂಬ ಚಿತ್ರದ ಕುದುರೆಗಳಲ್ಲಿ ಉಬ್ಬಿಸಿದ್ದೆಂಬುದಿಲ್ಲ. ಇಲ್ಲಿ ಪಶುವಿನ ಒಡೆಯನೇ ಚಿತ್ರದ ಗ್ರಾಹಕನಲ್ಲವಾದ್ದರಿಂದ, ಅದರ ಮೈಯನ್ನು ತಿದ್ದಿಸಬೇಕೆಂಬ ಒತ್ತಾಯವೂ ಕಡಿಮೆ.

ಹಾಗೆಂದು ಮಾರ್ಲಂಡನ ಮಾತನ್ನೂ ಪೂರ್ತಿಯಾಗಿ ನಂಬಲಾಗದು. ಆಂಗ್ಲ ಚಿತ್ರಗಳಲ್ಲಿ ಬಡವರು ನೋಡುಗರ ಮನಸ್ಸಮಾಧಾನಕ್ಕೆ ತಕ್ಕಂತೆ ಚಿತ್ರಿತರಾದುದನ್ನು ಜಾನ್ ಬ್ಯಾರೆಲ್ 1980ರ ತನ್ನ ಗ್ರಂಥದಲ್ಲಿ ವಿಚಾರಿಸಿದ್ದಾನೆ. 1795ರಲ್ಲಿ ಸ್ಪೀನ್‌ಹ್ಯಾಮ್‌ಲ್ಯಾಂಡಿನಲ್ಲಿ ಸೇರಿದ ನ್ಯಾಯಾಧಿಕಾರಿಗಳು, ಕೂಲಿಯಿಂದ ಹೊಟ್ಟೆ ತುಂಬದ ಬೇಸಾಯದಾಳುಗಳಿಗೆ ರೊಟ್ಟಿಯ ಬೆಲೆಯನ್ನನುಸರಿಸಿ ಪೂರಕ ಸಹಾಯ ನೀಡಬೇಕಾಯಿತು. ಕುದುರೆಯ ಮೈಕಟ್ಟಿನ ವಿಷಯದಲ್ಲಿ ಮಾರ್ಲಂಡನನ್ನು ನಂಬೋಣ. ಅದರ ಪಕ್ಕದಲ್ಲಿ ನಿಂತ ಆಳಿನ ವಿಷಯದಲ್ಲಿ ಚಿತ್ರದೊಡನೆ ಪ್ಯಾರಿಷ್ಷಿನ ಲೆಕ್ಕದ ಪುಸ್ತಕವನ್ನೂ ತೆರೆದಿಟ್ಟುಕೊಳ್ಳಬೇಕು.