ಪದ ಕೇಳುವವರ ಪಟ್ಟಾಂಗ

ಒಂದಿಷ್ಟು ಪುರುಸೊತ್ತು ಮಾಡಿಕೊಂಡು ಆಡುವ ಸ್ನೇಹದ ಮಾತಿಗೆ ನಮ್ಮ ಕಡೆ ಪಟ್ಟಾಂಗ ಎನ್ನುತ್ತಾರೆ. ಕಾಸರಗೋಡು ಜಿಲ್ಲೆಯಲ್ಲಿ ಹಲವು ಬಗೆಯ ಪಟ್ಟಾಂಗಗಳು ಇವೆ. ಅಡಿಕೆ ರೇಟಿನದ್ದು, ಮಳೆಯದ್ದು, ಮಕ್ಕಳ ಮದುವೆಯದ್ದು. ಈ ಬರಹ ಅವುಗಳಲ್ಲಿ ಒಂದರ ಬಗ್ಗೆ ಮಾತ್ರ: ಯಕ್ಷಗಾನದ ಹಿಮ್ಮೇಳವನ್ನು ಮೆಚ್ಚಿ ಕೇಳುವವರು ತಮ್ಮೊಳಗೆ ನಡೆಸುವ ಮಾತುಕತೆ. ಹಿಂದೆ ಇದು ಗದ್ದೆಯ ಬದಿಯಲ್ಲಿ, ಹೋಟೆಲಿನ ಬೆಂಚಿನಲ್ಲಿ, ಮನೆಯ ಜಗಲಿಯಲ್ಲಿ ನಡೆಯುತ್ತಿತ್ತು. ಈಗ ಹೆಚ್ಚಿನದ್ದು ಮೊಬೈಲಿನ ಗುಂಪುಗಳಲ್ಲಿ ನಡೆಯುತ್ತದೆ.

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು, ಆಚೆ ವಿಟ್ಲ, ಪುತ್ತೂರು, ಸುಳ್ಯದವರೆಗೆ ಇಂತಹ ಗುಂಪುಗಳ ಸದಸ್ಯರು ಹರಡಿಕೊಂಡಿದ್ದಾರೆ. ಗಲ್ಫಿನಲ್ಲಿ, ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ ಇರುವವರೂ ಇದ್ದಾರೆ. ಬೆಳಗ್ಗಿನ ಮೊದಲ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

"ನಿನ್ನೆ ಆಟಕ್ಕೆ ಹೋಗಿದ್ರಾ ಅಣ್ಣ?"

"ಹೋಗಿದ್ದೆ ಮಾರಾಯ. ಪದ ಲಾಯ್ಕ ಆಗಿದೆ. ಚೆಂಡೆ ಒಂಚೂರು ಜಾಸ್ತಿ ಆಯ್ತು, ಸಾಹಿತ್ಯ ಕೇಳ್ಲಿಕ್ಕೆ ಬಿಡ್ಲಿಲ್ಲ."

"ನೀವು ಸ್ಪೀಕರಿನ ಬುಡದಲ್ಲಿ ಕೂತದ್ದು ಮಾಷ್ಟ್ರೇ, ಅದಕ್ಕೆ. ಹಿಂದೆ ಕೂತವರಿಗೆ ಸರಿ ಕೇಳಿದೆ."

ಇಷ್ಟೇ. ಹೊರಗಿನವರಿಗೆ ಇದರಲ್ಲಿ ವಿಶೇಷ ಏನೂ ಕಾಣಲಿಕ್ಕಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ದೊಡ್ಡವರು ಯಾರ ಒತ್ತಾಯವೂ ಇಲ್ಲದೆ, ಹೋರಾಟದ ಕಾರಣವೂ ಇಲ್ಲದೆ, ಬರೀ ಖುಷಿಗಾಗಿ ದಿನಾ ಕನ್ನಡ ಬರೆಯುವ ಜಾಗಗಳು ಎಷ್ಟಿವೆ ಎಂದು ಲೆಕ್ಕ ಹಾಕಿದರೆ ಈ ಪಟ್ಟಾಂಗದ ಬೆಲೆ ತಿಳಿಯುತ್ತದೆ. ಸದಸ್ಯರ ಮನೆಮಾತು ತುಳು, ಹವ್ಯಕ ಕನ್ನಡ, ಮಲಯಾಳ, ಕೊಂಕಣಿ, ಕರಾಡ, ಮರಾಠಿ ಹೀಗೆ ಬೇರೆ ಬೇರೆ. ಪದ ಮಾತ್ರ ಕನ್ನಡದ್ದು. ಹಾಗಾಗಿ ಪದದ ಮಾತು ಬಂದಾಗ ಎಲ್ಲರೂ ಕನ್ನಡಕ್ಕೆ ಹೊರಳುತ್ತಾರೆ. ತಮಾಷೆ ಮಾತ್ರ ತುಳುವಿನಲ್ಲಿಯೇ ಆಗಬೇಕು ಎಂಬುದು ಬೇರೆ ವಿಷಯ.

ಶಬ್ದಗಳು

ಈ ಮಾತುಕತೆಗೆ ಅದರದ್ದೇ ಆದ ಶಬ್ದಗಳಿವೆ. ಭಾಗವತರು ಪದ "ಹಾಡುವುದಿಲ್ಲ", ಪದ "ಹೇಳುತ್ತಾರೆ". ಹೊಸಬರು ಯಾರಾದರೂ "ಸೂಪರ್ ಹಾಡು" ಎಂದು ಬರೆದರೆ ಹಿರಿಯರೊಬ್ಬರು ಮೆಲ್ಲ "ಲಾಯ್ಕ ಹೇಳಿದ್ದಾರೆ" ಎಂದು ಸೇರಿಸುವುದುಂಟು. ತಿದ್ದಿದ ಹಾಗೂ ಆಯಿತು, ಬೇಸರವೂ ಆಗಲಿಲ್ಲ. ಪ್ರದರ್ಶನಕ್ಕೆ ಆಟ, ತಾಳಮದ್ದಳೆಗೆ ಕೂಟ. ಹಾಗಾಗಿ "ಆಟ ಕೂಟ ಏನಾದ್ರೂ ಉಂಟಾ?" ಎಂಬುದು ವಾರಾಂತ್ಯದ ಪ್ರಶ್ನೆ. ತೆಂಕುತಿಟ್ಟಿನ ಹಿಮ್ಮೇಳದಲ್ಲಿ ಭಾಗವತರ ಕೈಯಲ್ಲಿ ಜಾಗಟೆ, ಜೊತೆಗೆ ಮದ್ದಳೆ, ಚೆಂಡೆ, ಚಕ್ರತಾಳ, ಶ್ರುತಿ. ನಮ್ಮ ಚೆಂಡೆ ಕೇರಳದ ಚೆಂಡೆಯ ಜಾತಿಯದ್ದೇ. ಬಡಗಿನ ಚೆಂಡೆ ಅದಕ್ಕಿಂತ ಚಿಕ್ಕದು. ಗಡಿ ಎಳೆದವರು ಚೆಂಡೆಯನ್ನು ಕೇಳಿರಲಿಕ್ಕಿಲ್ಲ.

ಯುದ್ಧದ ಸನ್ನಿವೇಶದ ವೇಗದ ಪದಕ್ಕೆ ಏರುಪದ ಎನ್ನುತ್ತಾರೆ. ತಾಳದ ಸುತ್ತು ಮುಗಿಸಿ ಚೆಂಡೆ, ಮದ್ದಳೆ ಒಟ್ಟಾಗಿ ನಿಲ್ಲುವ ನುಡಿತಕ್ಕೆ ಬಿಡ್ತಿಗೆ, ಮುಕ್ತಾಯ ಎಂಬ ಶಬ್ದಗಳು ಬಳಕೆಯಲ್ಲಿವೆ. ಪದದ ಹಳೆಯ ಧಾಟಿಗೆ ಮಟ್ಟು. ಝಂಪೆ, ತ್ರಿವುಡೆ, ಅಷ್ಟ, ಏಕ, ರೂಪಕ, ಕೋರೆ ಮೊದಲಾದ ತಾಳಗಳ ಹೆಸರು ಕರ್ನಾಟಕ ಸಂಗೀತ ಕಲಿತವರಿಗೂ ಗೊತ್ತಿರಬಹುದು, ಆದರೆ ನಡೆ ಬೇರೆ. ಇಲ್ಲಿಯೇ ಗುಂಪಿನ ಅತಿ ದೊಡ್ಡ ಚರ್ಚೆಗಳು ಹುಟ್ಟುವುದು. "ಇದು ಶುದ್ಧ ಮೋಹನವಾ?" ಎಂದು ಒಬ್ಬರು ಕೇಳಿದರೆ, "ಸಂಗೀತ ಕಚೇರಿಯ ಮೋಹನ ಅಲ್ಲ, ಆಟದ ಮೋಹನ" ಎಂದು ಇನ್ನೊಬ್ಬರು. ಯಕ್ಷಗಾನದ ರಾಗಕ್ಕೆ ಪೂರ್ತಿ ಶಾಸ್ತ್ರೀಯ ಅಳತೆ ಹಿಡಿಯಬೇಕೋ, ಹಳೆ ಮಟ್ಟೇ ಸಾಕೋ ಎಂಬ ಈ ಪ್ರಶ್ನೆಗೆ ಕೊನೆ ಎಂಬುದಿಲ್ಲ. ನನ್ನ ಒಲವು ಮಟ್ಟಿನ ಕಡೆಗೆ. ರಾಗ ವಿಸ್ತಾರ ಮಾಡುತ್ತಾ ಹೋಗಿ ವೇಷಧಾರಿಯನ್ನು ಕಾಯಿಸುವ ಭಾಗವತಿಕೆ ಗಾನವೈಭವಕ್ಕೆ ಸರಿ, ಆಟಕ್ಕೆ ಅಲ್ಲ. ಇದನ್ನು ಗುಂಪಿನಲ್ಲಿ ಬರೆದು ಸಾಕಷ್ಟು ಬೈಸಿಕೊಂಡಿದ್ದೇನೆ.

ನಮ್ಮೂರಿನವರು

ಅಭಿಮಾನಿಗಳಿಗೆ ಮಾತಿಗೆ ವಿಷಯ ಸಿಕ್ಕದ ದಿನವಿಲ್ಲ, ಯಾಕೆಂದರೆ ಈ ಜಿಲ್ಲೆಯೇ ಅಂಥದ್ದು. ರಾಮಾಯಣದ ಕಥೆಗಳನ್ನು ಪ್ರಸಂಗಗಳಾಗಿ ಕಟ್ಟಿದ ಪಾರ್ತಿಸುಬ್ಬ ಕುಂಬಳೆಯವನು. ಪದಗಳಲ್ಲಿ ಕಣ್ವಪುರದ ಗೋಪಾಲಕೃಷ್ಣನ ಅಂಕಿತ ಬರುತ್ತದೆ. ಆ ದೇವಸ್ಥಾನ ಇಂದಿಗೂ ಕುಂಬಳೆ ಪೇಟೆಯ ಹತ್ತಿರವೇ ಇದೆ. ಪಂಚವಟಿ, ವಾಲಿಸಂಹಾರ, ಅಂಗದ ಸಂಧಾನ, ಕುಶಲವರ ಕಾಳಗ ಇವು ಇಲ್ಲಿನ ಕೇಳುಗರಿಗೆ ಬಾಯಿಪಾಠ. ಈ ಪ್ರಸಂಗಗಳ ಕರ್ತೃ ಅವನೇ ಹೌದೋ ಅಲ್ಲವೋ ಎಂದು ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟರಂತಹ ವಿದ್ವಾಂಸರ ನಡುವೆ ದೊಡ್ಡ ಚರ್ಚೆಯೇ ನಡೆದಿದೆ. ಕೊಟ್ಟಾರಕ್ಕರ ತಂಬುರಾನರ ರಾಮನಾಟ್ಟದ ಪದಗಳಿಗೂ ಪಾರ್ತಿಸುಬ್ಬನ ಪದಗಳಿಗೂ ಇರುವ ಹೋಲಿಕೆ ಆ ಚರ್ಚೆಯ ಒಂದು ಭಾಗ. ಮಲಯಾಳ ಓದಲು ಬರುವ ನಮ್ಮ ಯುವಕರು ಎರಡನ್ನೂ ಪಕ್ಕದಲ್ಲಿಟ್ಟು ನೋಡಬಲ್ಲರು. ಆ ಕಾಲದ ಎಷ್ಟೋ ಪಂಡಿತರಿಗೆ ಇಲ್ಲದ ಅನುಕೂಲ ಇದು. ಕರ್ನಾಟಕ ಯಕ್ಷಗಾನ ಅಕಾಡೆಮಿ ಕೊಡುವ ದೊಡ್ಡ ಪ್ರಶಸ್ತಿಗೆ ಇರುವುದು ಇದೇ ಕುಂಬಳೆಯವನ ಹೆಸರು.

ಬಲಿಪ ನಾರಾಯಣ ಭಾಗವತರು ಹುಟ್ಟಿದ್ದು 1938ರಲ್ಲಿ ಪಡ್ರೆಯಲ್ಲಿ. ಬಾಳಿದ್ದು ಮೂಡುಬಿದಿರೆಯ ಹತ್ತಿರದ ಮಾರೂರಿನಲ್ಲಿ, ದಶಕಗಳ ಕಾಲ ಪದ ಹೇಳಿದ್ದು ಕಟೀಲು ಮೇಳದಲ್ಲಿ. ಅವರ ಅಜ್ಜನ ಹೆಸರೂ ಅದೇ ಆದ್ದರಿಂದ ಗುಂಪಿನಲ್ಲಿ "ಅಜ್ಜ ಬಲಿಪರು" ಎಂದು ಬಿಡಿಸಿ ಹೇಳುವ ಕ್ರಮ. ಏರು ಶ್ರುತಿ, ಸ್ಪಷ್ಟ ಸಾಹಿತ್ಯ, ಹಳೆ ಮಟ್ಟು. ಬಲಿಪ ಶೈಲಿ ಎಂದರೆ ಕೇಳುಗರಿಗೆ ಬೇರೆ ವಿವರಣೆ ಬೇಡ. 2023ರ ಫೆಬ್ರವರಿ 16ರಂದು ಅವರು ತೀರಿಕೊಂಡ ರಾತ್ರಿ ನಮ್ಮ ಗುಂಪಿನಲ್ಲಿ ಸಂತಾಪದ ಮಾತು ಬರೆದವರು ಕಡಿಮೆ. ಪ್ರತಿಯೊಬ್ಬರೂ ತಮ್ಮಲ್ಲಿದ್ದ ಒಂದೊಂದು ಪದದ ತುಣುಕನ್ನು ಹಾಕಿದರು. ಕೆಲವು ತುಣುಕುಗಳಲ್ಲಿ ಪದಕ್ಕಿಂತ ಹೆಚ್ಚು ಗಾಳಿಯ ಸದ್ದೇ ಇತ್ತು. ಬೆಳಗಿನ ಜಾವದವರೆಗೂ ಅದು ನಿಲ್ಲಲಿಲ್ಲ.

ತೆಂಕುತಿಟ್ಟಿನ ವೃತ್ತಿಮೇಳದಲ್ಲಿ ಪದ ಹೇಳಿದ ಮೊದಲ ಮಹಿಳೆ ಎಂದೇ ಹೆಸರಾದ ಲೀಲಾವತಿ ಬೈಪಾಡಿತ್ತಾಯರು 1947ರಲ್ಲಿ ಹುಟ್ಟಿದ್ದು ಮಧೂರಿನಲ್ಲಿ. ಅವರು ಮೊದಲು ಕಲಿತದ್ದು ಶಾಸ್ತ್ರೀಯ ಸಂಗೀತ; ಭಾಗವತಿಕೆಗೆ ಬಂದದ್ದು ಮದುವೆಯಾದ ಮೇಲೆ, ಹಿಮ್ಮೇಳ ಕಲಾವಿದರಾದ ಪತಿ ಹರಿನಾರಾಯಣ ಬೈಪಾಡಿತ್ತಾಯರ ಜೊತೆಗೆ. 2024ರ ಡಿಸೆಂಬರಿನಲ್ಲಿ ಅವರೂ ಹೋದರು. ಗುಂಪಿನ ಹೆಣ್ಣುಮಕ್ಕಳು ಚೆಂಡೆ, ಮದ್ದಳೆ ಕಲಿಯುವ ವಿಷಯ ಬಂದಾಗಲೆಲ್ಲ "ಲೀಲಕ್ಕ" ಎಂಬ ಹೆಸರು ಬಂದೇ ಬರುತ್ತದೆ.

ಇನ್ನು ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅವರ ಹೆಸರು ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಗೆ ಗೊತ್ತು. ನಮ್ಮ ಪಟ್ಟಾಂಗದಲ್ಲಿ ಮಾತ್ರ ಸ್ವಾಮೀಜಿಯವರು ತಾವೇ ಜಾಗಟೆ ಹಿಡಿದು ಪದ ಹೇಳುತ್ತಿದ್ದುದೇ ಮುಖ್ಯ ವಿಷಯ, ಕೇಸು ಅಡಿಟಿಪ್ಪಣಿ.

ಜಗಲಿಯಿಂದ ಮೊಬೈಲಿಗೆ

ಕಾಸರಗೋಡು ತಾಲೂಕು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಆ ಮೇಲೆ ಕೇರಳ. 1984ರಲ್ಲಿ ಪ್ರತ್ಯೇಕ ಜಿಲ್ಲೆ. ಆಡಳಿತದ ದಾರಿ ಕಣ್ಣೂರು, ತಿರುವನಂತಪುರದ ಕಡೆಗೆ ತಿರುಗಿದರೂ ಮೇಳಗಳ ದಾರಿ ಬದಲಾಗಲಿಲ್ಲ. ಮಂಗಳೂರು ಆಕಾಶವಾಣಿ 1976ರ ಡಿಸೆಂಬರ್ 11ರಂದು ಆರಂಭವಾದ ಮೇಲೆ ಕೇಳುಗರಿಗೆ ಹೊಸದೊಂದು ಜಗಲಿ ಸಿಕ್ಕಿತು. ಯಕ್ಷಗಾನ ಪ್ರಸಾರದ ಹೊತ್ತಿಗೆ ರೇಡಿಯೋ ಇದ್ದ ಮನೆಯಲ್ಲಿ ನೆರೆಕರೆಯವರು ಸೇರುತ್ತಿದ್ದರು. ಪದ ಮುಗಿದ ಮೇಲೆ ಚಹಾ, ಚಹಾದ ಜೊತೆ ಪಟ್ಟಾಂಗ. ಬಳಿಕ ಕ್ಯಾಸೆಟ್ ಬಂತು. ಒಂದು ಕ್ಯಾಸೆಟ್ ಹತ್ತು ಮನೆ ತಿರುಗಿ, ರೀಲು ಸಿಕ್ಕಿಹಾಕಿಕೊಂಡು, ಪೆನ್ಸಿಲಿನಲ್ಲಿ ಸುತ್ತಿಸಿಕೊಂಡು ವಾಪಸು ಬರುತ್ತಿತ್ತು. ನಮ್ಮ ಮನೆಯ ಒಂದು ಪೆಟ್ಟಿಗೆ ತುಂಬ ಇದ್ದ ಕ್ಯಾಸೆಟ್‌ಗಳನ್ನು ಮನೆ ರಿಪೇರಿಯ ಸಮಯ ಗುಜರಿಯವನಿಗೆ ಕೊಟ್ಟದ್ದು ನಾನೇ. ಅವುಗಳಲ್ಲಿ ಏನೇನಿತ್ತು ಎಂಬುದು ಈಗ ಲೇಬಲಿನ ಅರ್ಧ ನೆನಪು ಮಾತ್ರ.

ಋತುವಿಗೆ ತಕ್ಕ ಹಾಗೆ ಮಾತೂ ಬದಲಾಗುತ್ತದೆ. ದೀಪಾವಳಿಯ ಆಸುಪಾಸು ಮೇಳಗಳು ಹೊರಟ ಮೇಲೆ ಗುಂಪಿಗೆ ನಿದ್ದೆಯಿಲ್ಲ. ಮೇ ತಿಂಗಳ ಪತ್ತನಾಜೆಗೆ ತಿರುಗಾಟ ಮುಗಿದರೆ ಒಂದು ವಾರ ಮೌನ, ಮತ್ತೆ ಮಳೆಗಾಲದ ಕೂಟಗಳ ಆಮಂತ್ರಣ ಶುರು. ಆಟಗಳು ಕಾಲಮಿತಿಗೆ ಬಂದ ಮೇಲೆ ಬೆಳಗಿನ ಜಾವದ ಪದಗಳ ಬಗ್ಗೆ ಮಾತನಾಡುವವರು ಹಿರಿಯರು ಮಾತ್ರ. ಕಿರಿಯರಿಗೆ ಅದು ಕೇಳಿ ಗೊತ್ತು, ಕೂತು ಗೊತ್ತಿಲ್ಲ. ಮರುದಿನ ಕೆಲಸಕ್ಕೆ ಹೋಗುವವರಿಗೆ ಕಾಲಮಿತಿಯೇ ಅನುಕೂಲ ಎಂಬುದನ್ನೂ ಒಪ್ಪಬೇಕು.

ಕನ್ನಡ ಅಕ್ಷರದ ವಿಷಯ

ಎರಡು ವರ್ಷದ ಹಿಂದೆ ನಮ್ಮ ಗುಂಪಿಗೆ ಚೆಂಡೆ ಕಲಿಯುವ ಒಬ್ಬ ಹುಡುಗಿ ಸೇರಿದಳು. ಅವಳು ಒಂದು ಪದದ ಸಾಹಿತ್ಯವನ್ನು ಮಲಯಾಳ ಲಿಪಿಯಲ್ಲಿ ಬರೆದು ಹಾಕಿ, "ಇದು ಸರಿ ಉಂಟಾ?" ಎಂದು ಕೇಳಿದಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಮಲಯಾಳ ಮತ್ತು ಇಂಗ್ಲಿಷ್. ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಮೊದಲ ಉತ್ತರ ಒಂದು ನಗುವ ಚಿತ್ರ. ಎರಡನೆಯದ್ದು, "ಕನ್ನಡ ಬಾರದವರಿಗೆ ಪ್ರಸಂಗ ಯಾಕೆ?" ಹುಡುಗಿ ಆ ಸಂದೇಶವನ್ನು ಅಳಿಸಿದಳು, ಆಮೇಲೆ ಕೆಲವು ವಾರ ಮಾತೇ ಆಡಲಿಲ್ಲ.

ಅದನ್ನು ಸರಿಮಾಡಿದವರು ಒಬ್ಬ ನಿವೃತ್ತ ಟೀಚರ್. ಅವರು ಯಾರಿಗೂ ಬುದ್ಧಿ ಹೇಳಲಿಲ್ಲ. ಆ ಪದದ ಪುಟದ ಫೋಟೋ ತೆಗೆದು, ಪಕ್ಕದಲ್ಲಿ ತಾನು ನಿಧಾನವಾಗಿ ಓದಿದ ಧ್ವನಿಯನ್ನು ಇಟ್ಟು ಗುಂಪಿಗೇ ಹಾಕಿದರು. ಮರುದಿನ ಇನ್ನೊಂದು ಪದ. ಹುಡುಗಿ ಕಣ್ಣಲ್ಲಿ ಅಕ್ಷರ, ಕಿವಿಯಲ್ಲಿ ಶಬ್ದ ಹಿಡಿದು ಕಲಿತಳು. ಗೊತ್ತಿದ್ದ ಪದವನ್ನೇ ಓದುವುದರಿಂದ ಮುಂದಿನ ಅಕ್ಷರ ಯಾವುದೆಂದು ಬಾಯಿಗೆ ಮೊದಲೇ ಬರುತ್ತದಲ್ಲ, ಅದು ದೊಡ್ಡ ಸಹಾಯ. ಈಗ ಅವಳು ಕನ್ನಡದಲ್ಲಿಯೇ ಬರೆಯುತ್ತಾಳೆ, ಒತ್ತಕ್ಷರ ತಪ್ಪುತ್ತದೆ. ಯಾರೂ ನಗುವುದಿಲ್ಲ. ಅಂದು ನಗುವ ಚಿತ್ರ ಹಾಕಿದವನು ನಾನಲ್ಲ, ಆದರೆ ನೋಡಿ ಸುಮ್ಮನಿದ್ದವರಲ್ಲಿ ನಾನೂ ಒಬ್ಬ.

ಈಗ ನಮ್ಮಲ್ಲಿರುವ ಅಲಿಖಿತ ನಿಯಮ ಇಷ್ಟು: ಯಾವ ಲಿಪಿಯಲ್ಲಿ ಕೇಳಿದರೂ ಉತ್ತರ ಕನ್ನಡ ಲಿಪಿಯಲ್ಲಿ, ಜೊತೆಗೆ ಬೇಕಾದರೆ ಧ್ವನಿ. ಇನ್ನು ಕಲಾವಿದರೂ ಗುಂಪಿನಲ್ಲಿ ಇರುವುದರಿಂದ ಒಬ್ಬ ಭಾಗವತರನ್ನು ಇನ್ನೊಬ್ಬರೊಂದಿಗೆ ಹೋಲಿಸಿ ಹಗುರ ಮಾಡುವ ಮಾತು ಬೇಡ. "ನಿನ್ನೆ ಸ್ವರ ಸರಿ ಇರ್ಲಿಲ್ಲ" ಎಂದು ಬರೆಯುವ ಮೊದಲು ಅವರಿಗೆ ಶೀತವೋ, ಹಿಂದಿನ ಮೂರು ರಾತ್ರಿ ನಿದ್ದೆ ಇರಲಿಲ್ಲವೋ ಎಂದು ವಿಚಾರಿಸುವ ಅಭ್ಯಾಸ ಹಲವರಿಗೆ ಇದೆ. ಎಲ್ಲರಿಗೂ ಇಲ್ಲ.

ರೆಕಾರ್ಡಿಂಗ್ ಹಾಕುವಾಗ

ಒಮ್ಮೆ ಹೆಸರಿಲ್ಲದ ಒಂದು ಪಂಚವಟಿಯ ತುಣುಕು ಬಂತು. ಪದ ಹೇಳಿದವರು ಯಾರೆಂದು ಮೂರು ದಿನ ವಾದ. ಕೊನೆಗೆ ಎಂಬತ್ತು ದಾಟಿದ ಒಬ್ಬರು ಭಾಗವತರ ಸ್ವರದಿಂದಲ್ಲ, ಮದ್ದಳೆಯ ನುಡಿತದಿಂದ ಮದ್ದಳೆಗಾರರನ್ನು ಗುರುತಿಸಿ, ಅವರು ಆಗ ಯಾವ ಮೇಳದಲ್ಲಿ ಇದ್ದರೆಂಬುದರಿಂದ ಭಾಗವತರ ಹೆಸರು ಹೇಳಿದರು. ಅಂತಹ ಕಿವಿ ಎಷ್ಟು ಕಾಲ ನಮ್ಮ ಜೊತೆ ಇರುತ್ತದೆ? ಆ ಮಾತುಕತೆ ಪೂರ್ತಿ ನನ್ನ ಫೋನಿನಲ್ಲಿತ್ತು. ಮರುವರ್ಷದ ಮಳೆಯಲ್ಲಿ ಫೋನ್ ತೋಡಿಗೆ ಬಿತ್ತು, ಎಲ್ಲ ಹೋಯಿತು. ಉತ್ತರ ನೆನಪಿದೆ, ಅದನ್ನು ಅವರು ಹೇಗೆ ಬಿಡಿಸಿ ಹೇಳಿದರೆಂಬುದು ನೆನಪಿಲ್ಲ.

ಆದ್ದರಿಂದ ಸದಸ್ಯರಲ್ಲಿ ವಿನಂತಿ. ಪದ ಹಾಕುವಾಗ ಪ್ರಸಂಗ, ಪದದ ಮೊದಲ ಶಬ್ದ, ಊರು, ವರ್ಷ, ಭಾಗವತರು, ಚೆಂಡೆ, ಮದ್ದಳೆಯವರ ಹೆಸರು ಕನ್ನಡದಲ್ಲಿ ಬರೆಯಿರಿ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಕಲಾವಿದರ, ಮೇಳದ ಒಪ್ಪಿಗೆ ಇಲ್ಲದೆ ಇಡೀ ಆಟವನ್ನು ಹಂಚಬೇಡಿ. ಹಳೆ ಕ್ಯಾಸೆಟ್ ಇದ್ದವರು ಬೂಸರು ಹಿಡಿಯುವ ಮೊದಲು ನಕಲು ಮಾಡಿಸಿ. ಮಾಡಿಸುವ ಅನುಕೂಲ ಇಲ್ಲದಿದ್ದರೆ ಸಂಘದ ಮುಂದಿನ ತಾಳಮದ್ದಳೆಗೆ ಬರುವಾಗ ತನ್ನಿ. ಕೂಟ ಮುಗಿದ ಮೇಲೆ ಚಹಾ ಇದೆ, ಲೇಬಲಿನಲ್ಲಿ ಏನು ಬರೆದಿದೆ ಎಂದು ಒಟ್ಟಿಗೆ ಕೂತು ಓದುವ.